ಜನರೇಟರ್ ಇದ್ದರೆ ಸಾಲದು, ಓಡಬೇಕು



ಕಳೆದ ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಒಂದು ಊರಿನ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ, ಸಾಲ ಮರುಪಾವತಿ ಎಲ್ಲ ಓದಿ ಆಯಿತು. ಆಮೇಲೆ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು ಹೇಳಿದರು: "ಸಿಸ್ಟರ್, ಈ ಸಲ ಐದು ದಿನ ಕರೆಂಟೇ ಇರಲಿಲ್ಲ. ಎರಡು ಹೊತ್ತಿನ ಹಾಲು ಚೆಲ್ಲಿದೆವು. ಹಿಟ್ಟಿನ ಗಿರಣಿ ಬಂದ್. ಒಕ್ಕೂಟದಿಂದ ಸಾಲ ಎತ್ತಿ ಒಂದು ಡೀಸೆಲ್ ಜನರೇಟರ್ ತಗೊಂಡುಬಿಟ್ಟರೆ ಈ ತಲೆನೋವು ಮುಗೀತಲ್ಲ?"

ಎಲ್ಲರೂ ಹೌದು ಹೌದು ಎಂದರು. ನಾವು ಮಾತ್ರ ಕೂಡಲೇ ಹೌದು ಎನ್ನಲಿಲ್ಲ. ಕಾರಣ ಏನೆಂದರೆ, ಜನರೇಟರ್ ಇದೆ ಎಂಬ ಧೈರ್ಯದಲ್ಲಿ ಕೂತು ಪೆಟ್ಟು ತಿಂದವರು ನಾವು. ಅಂದು ಸಭೆಯಲ್ಲಿ ಹೇಳಿದ್ದನ್ನೇ ಈಗ ನಿಮ್ಮೆಲ್ಲರಿಗಾಗಿ ಬರೆಯುತ್ತಿದ್ದೇವೆ.

ನಮ್ಮ ಆರೋಗ್ಯ ಕೇಂದ್ರದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಘಟ್ಟದ ಮೇಲಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾವು ಮೂವರು ಸಿಸ್ಟರ್‌ಗಳಿದ್ದೆವು. ಜುಲೈ ತಿಂಗಳ ಗಾಳಿಮಳೆಗೆ ಮರಗಳು ಬಿದ್ದು ಏಳೆಂಟು ಕಂಬ ಮುರಿದವು. ನಮಗೇನೂ ಹೆದರಿಕೆ ಆಗಲಿಲ್ಲ. ಹಿಂದಿನ ಶೆಡ್ಡಿನಲ್ಲಿ 10 ಕೆ.ವಿ.ಎ. ಜನರೇಟರ್ ಇತ್ತು. ಕೀ ತಿರುಗಿಸಿದೆವು, ಸ್ಟಾರ್ಟ್ ಆಯಿತು. ಮೊದಲ ದಿನ ಓಡಿತು. ಎರಡನೇ ದಿನವೂ ಓಡಿತು.

ಮೂರನೇ ದಿನ ಸಂಜೆ ಎರಡು ವರ್ಷದ ಮಗುವೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಂದರು. ನ್ಯುಮೋನಿಯಾ. ಪಕ್ಕೆ ಒಳಗೆ ಎಳೆಯುತ್ತಿತ್ತು. ತಾಲೂಕು ಆಸ್ಪತ್ರೆಗೆ ಕಳಿಸೋಣವೆಂದರೆ ದಾರಿಗೆ ಮರ ಬಿದ್ದಿದೆ. ಕರೆಂಟಿನಿಂದ ಓಡುವ ಆಕ್ಸಿಜನ್ ಯಂತ್ರ ಹಾಕಿದೆವು. ಮಗು ಸ್ವಲ್ಪ ಚೇತರಿಸಿಕೊಂಡಿತು. ರಾತ್ರಿ ಹನ್ನೊಂದರ ಹೊತ್ತಿಗೆ ಜನರೇಟರ್ ಎರಡು ಸಲ ಕೆಮ್ಮಿದಂತೆ ಸದ್ದು ಮಾಡಿ ನಿಂತುಬಿಟ್ಟಿತು. ಕತ್ತಲೆ. ಎಷ್ಟು ಸಲ ಕೀ ತಿರುಗಿಸಿದರೂ ಮತ್ತೆ ಏಳಲಿಲ್ಲ.

ಮೂಲೆಯಲ್ಲಿ ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ಇತ್ತು. ಅದರ ಮುಳ್ಳು ಕೊನೆಗೆ ಬಂದಿತ್ತು. ಊರಿನ ಹುಡುಗರು ಟಾರ್ಚ್ ಹಿಡಿದು, ಕೊಡಲಿ ಗರಗಸ ತೆಗೆದುಕೊಂಡು ಹೋಗಿ ದಾರಿಯ ಮರ ಕಡಿದರು. ಜೀಪಿನಲ್ಲಿ ತಾಯಿಯ ಮಡಿಲಲ್ಲಿ ಮಗು, ನಮ್ಮ ಕೈಯಲ್ಲಿ ಸಿಲಿಂಡರ್. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಿಲಿಂಡರ್ ಖಾಲಿಯಾಗುವುದರಲ್ಲಿತ್ತು. ಮಗು ಉಳಿಯಿತು. ಇವತ್ತು ಶಾಲೆಗೆ ಹೋಗುತ್ತಿದೆ.

ಮಾರನೇ ದಿನ ಮೆಕ್ಯಾನಿಕ್ ಬಂದು ಡೀಸೆಲ್ ಫಿಲ್ಟರ್ ಬಿಚ್ಚಿ ತೋರಿಸಿದರು. ಒಳಗೆ ಕಂದು ಬಣ್ಣದ ಲೋಳೆ, ನೀರು. ನಾವು ಹಾಕಿದ್ದು ಹಿಂದಿನ ವರ್ಷದಿಂದ ಬ್ಯಾರಲ್‌ನಲ್ಲಿ ಉಳಿದಿದ್ದ ಡೀಸೆಲ್. ಮೊದಲೆರಡು ದಿನ ಮೇಲಿನ ಚೊಕ್ಕ ಎಣ್ಣೆ ಹೋಯಿತು, ಮೂರನೇ ದಿನ ತಳದ ಗಸಿ ಬಂತು. ಬೇರೆ ಫಿಲ್ಟರ್ ಇಟ್ಟುಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಅದರ ಬೆಲೆ ಕೆಲವು ನೂರು ರೂಪಾಯಿ ಅಷ್ಟೆ.

ರಿಜಿಸ್ಟರ್ ತೆಗೆದು ನೋಡಿದೆವು. ಪ್ರತಿ ಶನಿವಾರ "ಸ್ಟಾರ್ಟ್ ಮಾಡಿದೆ, ಸರಿ ಇದೆ" ಎಂದು ನಮ್ಮದೇ ಸಹಿ. ನಾವು ಸುಳ್ಳು ಬರೆದಿರಲಿಲ್ಲ. ಐದು ನಿಮಿಷ ಸ್ಟಾರ್ಟ್ ಮಾಡಿ, ಒಂದು ಬಲ್ಬನ್ನೂ ಹೊತ್ತಿಸದೆ ಆಫ್ ಮಾಡುತ್ತಿದ್ದೆವು. ತಪ್ಪು ನಮ್ಮದೇ.

ಐದು ನಿಮಿಷ ಬೇರೆ, ಐದು ದಿನ ಬೇರೆ

ಒಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ನಿಮಿಷ ಎಂದರೆ ವರ್ಷಕ್ಕೆ ನಾಲ್ಕು ಗಂಟೆ ಚಿಲ್ಲರೆ. ಅಂಥ ಯಂತ್ರಕ್ಕೆ ಒಮ್ಮೆಲೇ ಐದು ದಿನ ಹಗಲೂ ರಾತ್ರಿ ಓಡು ಎಂದರೆ 120 ಗಂಟೆ ಆಯಿತು. ಸುಮಾರು ಮೂವತ್ತು ವರ್ಷದ ಓಟವನ್ನು ಐದು ದಿನದಲ್ಲಿ ಕೇಳಿದ ಹಾಗೆ! ಅರ್ಧ ಗಂಟೆ ಕರೆಂಟು ಹೋದಾಗ ಜನರೇಟರ್ ಚೆನ್ನಾಗಿ ಓಡಿತು ಎಂದ ಮಾತ್ರಕ್ಕೆ ಐದು ದಿನವೂ ಓಡುತ್ತದೆ ಎಂದು ಹೇಳಲಾಗದು. ಸ್ಟಾರ್ಟ್ ಆಗಲು ಬ್ಯಾಟರಿ ಸಾಕು. ದಿನಗಟ್ಟಲೆ ಓಡಲು ಒಳ್ಳೆಯ ಡೀಸೆಲ್, ಆಯಿಲ್, ತಂಪು, ಗಾಳಿ, ನೋಡಿಕೊಳ್ಳುವ ಮನುಷ್ಯ, ಎಲ್ಲವೂ ಬೇಕು.

ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಸಂಶೋಧಕರು 2020ರಲ್ಲಿ ಇದರ ಲೆಕ್ಕ ಹಾಕಿ ಪ್ರಕಟಿಸಿದರು. ಚೆನ್ನಾಗಿ ನೋಡಿಕೊಂಡ ಒಂದು ಜನರೇಟರ್ ಕೂಡ ಎರಡು ವಾರ ಕರೆಂಟಿಲ್ಲದಾಗ ಕೊನೆಯವರೆಗೂ ಓಡುವ ಸಾಧ್ಯತೆ ಸುಮಾರು 80%. ಅಂದರೆ ಹತ್ತು ಕಡೆ ಇಟ್ಟರೆ ಎರಡು ಕಡೆ ನಡುವೆ ನಿಲ್ಲುತ್ತದೆ. ಅದೂ ಚೆನ್ನಾಗಿ ನೋಡಿಕೊಂಡಿದ್ದರೆ. ನೋಡಿಕೊಳ್ಳದಿದ್ದರೆ ಕೇಳುವುದೇ ಬೇಡ.

ದೊಡ್ಡ ದೊಡ್ಡವರೂ ಎಡವಿದ್ದಾರೆ

ಹಳ್ಳಿಯವರು, ಬಡವರು ಎಂಬ ಕಾರಣಕ್ಕೆ ನಮಗೆ ಹೀಗಾಯಿತು ಎಂದುಕೊಳ್ಳಬೇಡಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಚಂಡಮಾರುತ ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಬಡಿಯಿತು. ಅಲ್ಲಿನ ಎನ್.ವೈ.ಯು. ಲ್ಯಾಂಗೋನ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಜನರೇಟರ್‌ಗಳನ್ನು ಮೇಲೆ ಇಟ್ಟಿದ್ದರು. ಆದರೆ ಅವಕ್ಕೆ ಡೀಸೆಲ್ ಕಳಿಸುವ ಏರ್ಪಾಡು ನೆಲಮಾಳಿಗೆಯಲ್ಲಿತ್ತು. ನೆಲಮಾಳಿಗೆಗೆ ನೀರು ನುಗ್ಗಿತು, ಪಂಪು ನಿಂತಿತು, ಮೇಲಿದ್ದ ಜನರೇಟರ್‌ಗಳೂ ನಿಂತವು. ಆ ರಾತ್ರಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಲಿಫ್ಟ್ ಇಲ್ಲ. ನರ್ಸುಗಳು ಹಸುಗೂಸುಗಳನ್ನು ಎದೆಗೆ ಅವಚಿಕೊಂಡು, ಕೈಯಲ್ಲೇ ಗಾಳಿಚೀಲ ಒತ್ತಿ ಉಸಿರು ಕೊಡುತ್ತಾ, ಕತ್ತಲ ಮೆಟ್ಟಿಲು ಇಳಿದರು.

ಹತ್ತಿರದ ಬೆಲ್‌ವ್ಯೂ ಆಸ್ಪತ್ರೆಯ ಕಥೆಯೂ ಅದೇ. ಜನರೇಟರ್ 13ನೇ ಮಹಡಿಯಲ್ಲಿ, ಡೀಸೆಲ್ ಪಂಪು ಕೆಳಗೆ ನೀರಿನಲ್ಲಿ. ಅಲ್ಲಿನ ಸಿಬ್ಬಂದಿ, ಸೈನಿಕರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಿ ಅಷ್ಟು ಎತ್ತರಕ್ಕೆ ಏರಿಸಿದರು. ನಾವು ಬಾವಿಯಿಂದ ಕೊಡ ದಾಟಿಸುವ ಹಾಗೆಯೇ! ಅಷ್ಟು ಮಾಡಿದರೂ ಕೊನೆಗೆ ಆ ಆಸ್ಪತ್ರೆಯನ್ನೂ ಖಾಲಿ ಮಾಡಬೇಕಾಯಿತು.

ಅದಕ್ಕೂ ಮೊದಲು, 2011ರ ಮಾರ್ಚ್ 11ರಂದು, ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪದಿಂದ ಕರೆಂಟು ಹೋದ ಕೂಡಲೇ ಜನರೇಟರ್‌ಗಳು ಸರಿಯಾಗಿಯೇ ಸ್ಟಾರ್ಟ್ ಆದವು. ಸುಮಾರು 50 ನಿಮಿಷದ ನಂತರ ಸುನಾಮಿ ಅಲೆ ಬಂದು, ತಗ್ಗಿನಲ್ಲಿದ್ದ ಯಂತ್ರಗಳು ಮುಳುಗಿದವು. ತಂಪು ಮಾಡಲು ಕರೆಂಟಿಲ್ಲದೆ ಮೂರು ರಿಯಾಕ್ಟರ್‌ಗಳ ಒಳಭಾಗ ಕರಗಿಹೋಯಿತು. ಆದರೆ ಆರನೇ ಘಟಕದ ಒಂದು ಜನರೇಟರ್ ಮುಳುಗದೆ ಉಳಿಯಿತು. ಆ ಒಂದೇ ಯಂತ್ರದ ಕರೆಂಟು ಐದನೇ ಮತ್ತು ಆರನೇ ಘಟಕಗಳನ್ನು ಕಾಪಾಡಿತು.

ನಮ್ಮ ಪಕ್ಕದ ಚೆನ್ನೈಯಲ್ಲೂ 2015ರ ಡಿಸೆಂಬರ್ ಪ್ರವಾಹದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಜನರೇಟರ್ ಕೋಣೆಗೆ ನೀರು ನುಗ್ಗಿತ್ತು. ಅಲ್ಲಿ ತೀವ್ರ ನಿಗಾ ಘಟಕದ ರೋಗಿಗಳು ಸಾವಿಗೀಡಾದದ್ದು ಆಗ ದೊಡ್ಡ ಸುದ್ದಿಯಾಗಿತ್ತು.

ಇವುಗಳಿಂದ ನಾವು ಕಲಿಯಬೇಕಾದದ್ದು ಇಷ್ಟು: ಜನರೇಟರ್ ಜೊತೆಗೆ ಅದರ ಡೀಸೆಲ್, ಬ್ಯಾಟರಿ, ಸ್ವಿಚ್ಚು ಬೋರ್ಡು ಎಲ್ಲವೂ ನೀರು ಮುಟ್ಟದ ಎತ್ತರದಲ್ಲಿರಬೇಕು. ನಿಮ್ಮ ಊರಿನ ಅಜ್ಜಿಯರನ್ನು ಕೇಳಿ, ಹೆಚ್ಚೆಂದರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು. ಅದಕ್ಕಿಂತ ಮೇಲೆ ಕಟ್ಟೆ ಕಟ್ಟಿಸಿ.

ಯಂತ್ರ ಎಲ್ಲೆಲ್ಲಿ ಕೈಕೊಡುತ್ತದೆ?

1. ಬ್ಯಾಟರಿ. ಜನರೇಟರ್ ಸ್ಟಾರ್ಟ್ ಆಗದಿರಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಸುಮ್ಮನೆ ಕೂತರೂ ಬ್ಯಾಟರಿ ಇಳಿಯುತ್ತದೆ. ಕರೆಂಟು ಇರುವಾಗ ಚಾರ್ಜರ್‌ಗೆ ಹಾಕಿಡಿ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಬಾವಿ ನೀರು ಹಾಕಬೇಡಿ. ಟರ್ಮಿನಲ್ ಮೇಲಿನ ಬಿಳಿ ಪುಡಿ ಒರೆಸಿ. ಎರಡು ಮೂರು ವರ್ಷಕ್ಕೆ ಬದಲಾಯಿಸಲು ಹಣ ತೆಗೆದಿಡಿ.

2. ಹಳೇ ಡೀಸೆಲ್. ಅರ್ಧ ತುಂಬಿದ ಟ್ಯಾಂಕಿನ ಒಳಗೆ ತಂಪಿಗೆ ನೀರಿನ ಹನಿ ಕೂರುತ್ತದೆ. ನೀರು ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಎಣ್ಣೆ ಸೇರುವಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಲೋಳೆಯಾಗುತ್ತದೆ. ಅದೇ ಫಿಲ್ಟರ್ ಕಟ್ಟುತ್ತದೆ. ಆದ್ದರಿಂದ ಟ್ಯಾಂಕು ತುಂಬಿಡಿ, ತಳದ ನೀರನ್ನು ಆಗಾಗ ಬಿಡಿ, ಆರು ತಿಂಗಳಿಗಿಂತ ಹಳೆಯದಾಗಲು ಬಿಡಬೇಡಿ. ನಾವು ಅಕ್ಕಿ ಡಬ್ಬದಲ್ಲಿ ಹಳೆಯದನ್ನು ಮೊದಲು ಖರ್ಚು ಮಾಡಿ ಹೊಸದು ತುಂಬುತ್ತೇವಲ್ಲ, ಇದಕ್ಕೂ ಅದೇ ಕ್ರಮ.

3. ಲೋಡ್ ಇಲ್ಲದ ಓಟ. ಬಹಳ ಕಡಿಮೆ ಭಾರದಲ್ಲಿ ಓಡಿಸುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ಯಂತ್ರದ ಸಾಮರ್ಥ್ಯದ ಕನಿಷ್ಠ 30% ಭಾರ ಕೊಟ್ಟು ಓಡಿಸಬೇಕೆಂಬ ನಿಯಮವಿದೆ. ನಾವೂ ಹಾಗೇ ಮಾಡೋಣ. ಮೇನ್ ಆಫ್ ಮಾಡಿ, ನಿಜವಾಗಿ ಬೇಕಾದ ಯಂತ್ರಗಳನ್ನೇ ಹಾಕಿ ಓಡಿಸಿ ನೋಡಿ.

4. ಅತಿ ಭಾರ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ದೊಡ್ಡ ಮೋಟಾರು ಮೊದಲು, ಸಣ್ಣವು ಆಮೇಲೆ, ಒಂದೊಂದಾಗಿ.

5. ಆಯಿಲ್, ಕೂಲೆಂಟ್, ಗಾಳಿ. ದಿನಗಟ್ಟಲೆ ಓಡಿಸುವಾಗ ದಿನಕ್ಕೊಮ್ಮೆ ನಿಲ್ಲಿಸಿ, ತಣಿಯಲು ಬಿಟ್ಟು, ಆಯಿಲ್ ಕಡ್ಡಿ ಎಳೆದು ನೋಡಿ. ರೇಡಿಯೇಟರ್ ನೀರು, ಬೆಲ್ಟ್, ಏರ್ ಫಿಲ್ಟರ್ ನೋಡಿ. ಎಷ್ಟು ಗಂಟೆಗೆ ಆಯಿಲ್ ಬದಲಾಯಿಸಬೇಕು ಎಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ. ಆ ಆಯಿಲ್ ಮೊದಲೇ ತಂದಿಡಿ. ಗಾಳಿಮಳೆಯ ನಡುವೆ ಪೇಟೆಗೆ ಹೋಗಲಾಗದು.

6. ಇಲಿ, ಕಣಜ. ನಗಬೇಡಿ. ಇಲಿ ವಯರ್ ಕಡಿದು, ಕಣಜ ಕೊಳವೆಯಲ್ಲಿ ಗೂಡು ಕಟ್ಟಿ ನಿಂತ ಜನರೇಟರ್‌ಗಳನ್ನು ನಾವೇ ಕಂಡಿದ್ದೇವೆ.

ಡೀಸೆಲ್ ಲೆಕ್ಕ ಹಾಕಿದಿರಾ?

10 ಕೆ.ವಿ.ಎ. ಜನರೇಟರ್ ಮುಕ್ಕಾಲು ಭಾರದಲ್ಲಿ ಗಂಟೆಗೆ ಸುಮಾರು 2ರಿಂದ 2.5 ಲೀಟರ್ ಡೀಸೆಲ್ ಕುಡಿಯುತ್ತದೆ. 2.5 ಎಂದೇ ಹಿಡಿಯೋಣ. ಐದು ದಿನ ಹಗಲೂ ರಾತ್ರಿ ಓಡಿಸಿದರೆ 300 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 27,000 ರೂಪಾಯಿ! ಅದೇ ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಓಡಿಸಿದರೆ 100 ಲೀಟರ್, 9,000 ರೂಪಾಯಿ. ಯಂತ್ರಕ್ಕೂ ವಿಶ್ರಾಂತಿ ಸಿಗುತ್ತದೆ.

ಇನ್ನೊಂದು ಮಾತು ಮರೆಯಬೇಡಿ. ಕರೆಂಟಿಲ್ಲದಾಗ ಪೆಟ್ರೋಲ್ ಬಂಕಿನ ಪಂಪೂ ಓಡುವುದಿಲ್ಲ. ಬಂಕಿನವರ ಜನರೇಟರ್ ಓಡಿದರೆ ಮಾತ್ರ ನಿಮಗೆ ಡೀಸೆಲ್ ಸಿಗುತ್ತದೆ. ದಾರಿಯೂ ಬಂದ್ ಆಗಿರಬಹುದು. "ಬೇಕಾದಾಗ ತಂದರಾಯಿತು" ಎನ್ನುವವರು ಈ ಮಾತನ್ನು ಗಮನಿಸಬೇಕು.

ಜೀವದ ವಿಷಯದಲ್ಲಿ ಮೂರು ಎಚ್ಚರ

ಮೊದಲನೆಯದು ಹೊಗೆ. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಬಂದು ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಮಳೆ ಎಂದು ಯಂತ್ರವನ್ನು ಮನೆಯೊಳಗೆ, ಅಂಗಡಿಯೊಳಗೆ, ಮುಚ್ಚಿದ ಶೆಡ್ಡಿನಲ್ಲಿ ಓಡಿಸಲೇಬಾರದು. ಸಣ್ಣ ಪೆಟ್ರೋಲ್ ಜನರೇಟರ್‌ಗೂ ಇದೇ ಮಾತು. ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಇರಲಿ.

ಎರಡನೆಯದು ಹಿಂದಕ್ಕೆ ಹರಿಯುವ ಕರೆಂಟು. ಕೆಲವರು ಎರಡೂ ಕಡೆ ಪಿನ್ ಇರುವ ವಯರ್‌ನಿಂದ ಜನರೇಟರನ್ನು ಮನೆಯ ಪ್ಲಗ್‌ಗೆ ಸಿಕ್ಕಿಸುತ್ತಾರೆ. ಇದು ಕೊಲೆಗೆ ಸಮಾನ. ಊರಿನ ಟಿ.ಸಿ. 11,000 ವೋಲ್ಟನ್ನು ಮನೆಗೆ ಬೇಕಾದ 230ಕ್ಕೆ ಇಳಿಸುತ್ತದೆ. ನಿಮ್ಮ ಕರೆಂಟು ಹಿಂದಕ್ಕೆ ಹರಿದರೆ ಅದೇ ಟಿ.ಸಿ. ಅದನ್ನು ಮತ್ತೆ 11,000ಕ್ಕೆ ಏರಿಸುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ ಮತ್ತು ಅರ್ಥಿಂಗ್ ಮಾಡಿಸದೆ ಜನರೇಟರ್ ಮುಟ್ಟಬೇಡಿ.

ಮೂರನೆಯದು ಬೆಂಕಿ. ಓಡುತ್ತಿರುವಾಗ, ಬಿಸಿ ಇರುವಾಗ ಡೀಸೆಲ್ ಹಾಕಬೇಡಿ. ನಿಲ್ಲಿಸಿ, ತಣಿಯಲಿ. ದೀಪ, ಬೀಡಿ ಹತ್ತಿರ ಬರಬಾರದು.

ಕಾಯಬಲ್ಲದ್ದು, ಕಾಯಲಾರದ್ದು

ಆ ದಿನ ಸಭೆಯಲ್ಲಿ ನಾವು ಬೋರ್ಡಿನ ಮೇಲೆ ಎರಡು ಸಾಲು ಬರೆದೆವು. ಕರೆಂಟಿಲ್ಲದಿದ್ದರೆ ಯಾವುದು ಕಾಯುತ್ತದೆ? ಯಾವುದು ಕಾಯುವುದಿಲ್ಲ? ನೀವೇ ಹೇಳಿ ಎಂದೆವು.

ಗಿರಣಿ ಕಾಯುತ್ತದೆ ಎಂದು ಮೊದಲು ಹೇಳಿದವರು ಗಿರಣಿ ನಡೆಸುವ ಅಕ್ಕನೇ. "ಮಳೆಗಾಲಕ್ಕೆ ಮುಂಚೆ ಹತ್ತು ದಿನದ ಹಿಟ್ಟು ಬೀಸಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳಿದರೆ ಆಯ್ತಲ್ಲ" ಎಂದರು. ಗಿರಣಿಯ ಮೋಟಾರು ಬಿಟ್ಟ ಕೂಡಲೇ ಸಣ್ಣ ಜನರೇಟರ್ ಸಾಕಾಯಿತು.

ಹಾಲು ಕಾಯುವುದಿಲ್ಲ. ಕರೆದ ಹಾಲನ್ನು ಮೂರು ನಾಲ್ಕು ಗಂಟೆಯೊಳಗೆ ತಂಪು ಮಾಡಬೇಕು. ಆದರೆ ಒಮ್ಮೆ 4 ಡಿಗ್ರಿಗೆ ಇಳಿದ ಮೇಲೆ ಕೂಲರ್‌ನ ದಪ್ಪ ಗೋಡೆ ತಂಪನ್ನು ಹಲವು ಗಂಟೆ ಹಿಡಿದಿಡುತ್ತದೆ. ಆದ್ದರಿಂದ ಎರಡು ಹೊತ್ತು ಓಡಿಸಿದರೆ ಸಾಕು. ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯೂ ಹಾಗೆಯೇ. ಒಳಗೆ ಮಂಜಿನ ಗೋಡೆ ಇರುವ ಆ ಫ್ರಿಜ್‌ಗೆ ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೆ ಲಸಿಕೆ ಕೆಡುವುದಿಲ್ಲ, ಮುಚ್ಚಳ ಪದೇಪದೇ ತೆಗೆಯಬಾರದು ಅಷ್ಟೆ.

ದೀಪಕ್ಕೆ, ಮೊಬೈಲ್ ಚಾರ್ಜಿಗೆ ಸೋಲಾರ್ ಸಾಕು. ಉಸಿರು ಮಾತ್ರ ಒಂದು ನಿಮಿಷವೂ ಕಾಯುವುದಿಲ್ಲ. ಅದಕ್ಕೆ ಜನರೇಟರ್ ಒಂದನ್ನೇ ನಂಬಬಾರದು. ಈಗ ನಮ್ಮ ಕೇಂದ್ರದಲ್ಲಿ ಆಕ್ಸಿಜನ್ ಯಂತ್ರಕ್ಕೆ ಬೇರೆ ಇನ್ವರ್ಟರ್ ಇದೆ, ಎರಡು ಮೂರು ಗಂಟೆ ಬರುತ್ತದೆ. ಅದರ ಪಕ್ಕದಲ್ಲಿ ತುಂಬಿದ ದೊಡ್ಡ ಸಿಲಿಂಡರ್. ಮುಳ್ಳು ನೋಡುವುದು ದಿನದ ಕೆಲಸ.

ಒಕ್ಕೂಟದವರು ಕೊನೆಗೆ ಏನು ಮಾಡಿದರು? ಅಂದುಕೊಂಡದ್ದಕ್ಕಿಂತ ಸಣ್ಣ ಜನರೇಟರ್ ತೆಗೆದುಕೊಂಡರು. ಉಳಿದ ಹಣದಲ್ಲಿ ಕಟ್ಟೆ, ಚೇಂಜ್‌ಓವರ್ ಸ್ವಿಚ್, ಎರಡು ಫಿಲ್ಟರ್, ಒಂದು ಬೆಲ್ಟ್, ಆಯಿಲ್. ಮೂವರು ಸದಸ್ಯೆಯರು ಮೆಕ್ಯಾನಿಕ್ ಹತ್ತಿರ ಕೂತು ಫಿಲ್ಟರ್ ಬದಲಾಯಿಸಲು, ಗಾಳಿ ತೆಗೆಯಲು ಕಲಿತರು. ಮೊದಲಿಗೆ "ಹೆಂಗಸರಿಗೆ ಇದೆಲ್ಲ ಯಾಕೆ" ಎಂದ ಗಂಡಸರು ಈಗ ತಮ್ಮ ಟಿಲ್ಲರ್ ನಿಂತರೆ ಇವರನ್ನು ಕರೆಯುತ್ತಾರಂತೆ!

ನಮ್ಮ ಸಂಘಗಳು ಉಳಿದಿರುವುದು ವಾರ ವಾರ ಸಭೆ ಸೇರಿ, ಹತ್ತಿಪ್ಪತ್ತು ರೂಪಾಯಿಯನ್ನೂ ಪುಸ್ತಕದಲ್ಲಿ ಬರೆದದ್ದರಿಂದ. ಯಂತ್ರವನ್ನೂ ಹಾಗೇ ನೋಡಿಕೊಳ್ಳಿ. ಯಾರ ಸರದಿ ಎಂಬುದು ನಡವಳಿ ಪುಸ್ತಕದಲ್ಲಿರಲಿ.

ಗೋಡೆಗೆ ಅಂಟಿಸಿಕೊಳ್ಳಿ

ವಾರಕ್ಕೊಮ್ಮೆ: ಬ್ಯಾಟರಿ, ಆಯಿಲ್, ರೇಡಿಯೇಟರ್ ನೀರು, ಡೀಸೆಲ್ ಮಟ್ಟ, ಸೋರಿಕೆ, ಇಲಿ ಕಡಿತ.
ತಿಂಗಳಿಗೊಮ್ಮೆ: ನಿಜವಾದ ಭಾರ ಕೊಟ್ಟು ಅರ್ಧ ಗಂಟೆ ಓಟ. ಎಷ್ಟು ಹೊತ್ತು, ಏನೇನು ಹಾಕಿ ಓಡಿಸಿದೆವು ಎಂದು ಬರೆಯುವುದು.
ಮೇ ತಿಂಗಳಲ್ಲಿ: ಹಳೇ ಡೀಸೆಲ್ ಖಾಲಿ, ಹೊಸದು ಭರ್ತಿ. ಫಿಲ್ಟರ್, ಆಯಿಲ್, ಬೆಲ್ಟ್ ದಾಸ್ತಾನು. ಮೆಕ್ಯಾನಿಕ್ ಕೈಯಲ್ಲಿ ಸರ್ವಿಸ್.
ಓಡುವಾಗ: ದಿನಕ್ಕೊಮ್ಮೆ ನಿಲ್ಲಿಸಿ ತಪಾಸಣೆ. ಗಂಟೆ ಮತ್ತು ಲೀಟರ್ ಲೆಕ್ಕ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಐದು ದಿನ ಕರೆಂಟಿಲ್ಲದಿದ್ದರೆ ಕಾಯಲಾರದ್ದು ಯಾವುದು?
2. ನಮ್ಮ ಹಾಲಿನ ಡೇರಿ, ಆರೋಗ್ಯ ಕೇಂದ್ರ, ಪಂಚಾಯಿತಿಯಲ್ಲಿ ಜನರೇಟರ್ ಇದೆಯೇ? ಭಾರ ಕೊಟ್ಟು ಕೊನೆಯ ಸಲ ಓಡಿಸಿದ್ದು ಯಾವಾಗ? ಹೋಗಿ ಕೇಳುವವರು ಯಾರು?
3. ಮನೆಯಲ್ಲಿ ಆಕ್ಸಿಜನ್ ಯಂತ್ರ ಅಥವಾ ಫ್ರಿಜ್‌ನಲ್ಲಿಡುವ ಇನ್ಸುಲಿನ್ ಬೇಕಾದವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಅವರಿಗಾಗಿ ಈಗಲೇ ಏನು ಏರ್ಪಾಡು ಮಾಡಬಹುದು?